ಫಲಿತಾಂಶದ ಮರುದಿನ: ಗೆದ್ದವರ ಹೊಣೆ, ಸೋತವರ ಸ್ಥಾನ, ನಾಗರಿಕರ ಕರ್ತವ್ಯ

ಚುನಾವಣೆಯನ್ನು ಪ್ರಜಾತಂತ್ರದ ಹಬ್ಬವೆಂದು ಕರೆಯುವುದು ವಾಡಿಕೆ. ಹಬ್ಬ ಮುಗಿದ ಮೇಲೆ ಚಪ್ಪರ ಬಿಚ್ಚಿ, ಬೀದಿ ಗುಡಿಸಿ ನಿತ್ಯದ ಕೆಲಸಕ್ಕೆ ಮರಳುವ ಹೊಣೆಯೂ ಊರಿನವರದೇ ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಮತ ಎಣಿಕೆ ಮುಗಿದ ಸಂಜೆ ಪಟಾಕಿ ಸಿಡಿದು, ಗುಲಾಲು ಎರಚಿ, ಮೆರವಣಿಗೆ ಹೊರಟ ನಂತರ ಉಳಿಯುವುದು ಐದು ವರ್ಷಗಳ ಆಡಳಿತ. ಆ ಐದು ವರ್ಷಗಳಲ್ಲಿ ಗೆದ್ದವರಿಗೆ ಮತ ಹಾಕಿದವರೂ ಹಾಕದವರೂ ಒಂದೇ ನಲ್ಲಿಯ ನೀರು ಕುಡಿಯಬೇಕು, ಒಂದೇ ರಸ್ತೆಯಲ್ಲಿ ನಡೆಯಬೇಕು.

ಪ್ರಚಾರದ ಕಾವು ಇಳಿದ ಮೇಲೂ ಪಕ್ಷಭೇದ ಇಳಿಯದಿರುವುದು ಈಚಿನ ವರ್ಷಗಳ ಸಾಮಾನ್ಯ ದೂರು. ನೆರೆಹೊರೆಯವರ ನಡುವೆ ಮಾತು ನಿಲ್ಲುವುದು, ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಒಡೆಯುವುದು, 'ನಮಗೆ ಮತ ಹಾಕದ ಬಡಾವಣೆ' ಎಂಬ ಕಾರಣಕ್ಕೆ ಕಾಮಗಾರಿ ತಡೆಯುವುದು ಇದರ ನಾನಾ ರೂಪಗಳು. ಫಲಿತಾಂಶದ ನಂತರ ಸಂವಿಧಾನ ಮತ್ತು ಕಾನೂನು ಯಾರಿಗೆ ಯಾವ ಹೊಣೆ ಹೊರಿಸಿವೆ, ಪಕ್ಷದ ಗೆರೆ ದಾಟಿ ಕೆಲಸ ಮಾಡಿದ ನಿದರ್ಶನಗಳು ಯಾವುವು, ನಾಗರಿಕರ ಕೈಯಲ್ಲಿರುವ ಸಾಧನಗಳೇನು ಎಂಬ ವಿವರ ಇಲ್ಲಿದೆ.

ಜನಾದೇಶದ ಲೆಕ್ಕ

ಭಾರತದಲ್ಲಿ ಕ್ಷೇತ್ರವೊಂದರಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದ ಅಭ್ಯರ್ಥಿ ಗೆಲ್ಲುತ್ತಾನೆ. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಲೇಬೇಕೆಂಬ ನಿಯಮವಿಲ್ಲ. ಹೀಗಾಗಿ ಸ್ಥಾನಗಳ ಬಹುಮತಕ್ಕೂ ಮತಗಳ ಬಹುಮತಕ್ಕೂ ಅಂತರವಿರುವುದು ಸಹಜ. 2014ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಸುಮಾರು ಶೇ 31ರಷ್ಟು ಮತಗಳೊಂದಿಗೆ 282 ಸ್ಥಾನ ಗಳಿಸಿತು. 2018ರ ಮೇ 12ರಂದು ಕರ್ನಾಟಕದ 222 ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಕಾಂಗ್ರೆಸ್ಸಿಗೆ ಸುಮಾರು ಶೇ 38ರಷ್ಟು, ಬಿಜೆಪಿಗೆ ಸುಮಾರು ಶೇ 36ರಷ್ಟು ಮತಗಳು ಬಂದವು. ಸ್ಥಾನಗಳು ಮಾತ್ರ ಕ್ರಮವಾಗಿ 78 ಮತ್ತು 104. 2023ರಲ್ಲಿ ಕಾಂಗ್ರೆಸ್ 224ರ ಪೈಕಿ 135 ಸ್ಥಾನಗಳೊಂದಿಗೆ ಸ್ಪಷ್ಟ ಬಹುಮತ ಪಡೆದಾಗಲೂ ಅದರ ಮತಪ್ರಮಾಣ ಶೇ 43ನ್ನು ಮುಟ್ಟಲಿಲ್ಲ.

ಈ ಅಂಕಿಗಳಿಂದ ಸರ್ಕಾರಗಳ ಸಿಂಧುತ್ವಕ್ಕೆ ಯಾವ ಕುಂದೂ ಬರುವುದಿಲ್ಲ. ಎಲ್ಲ ಪಕ್ಷಗಳೂ ಒಪ್ಪಿ ಕಣಕ್ಕಿಳಿದ ನಿಯಮದಂತೆಯೇ ಅವು ರಚನೆಯಾಗಿವೆ. ಆದರೆ ಯಾವ ಆಡಳಿತ ಪಕ್ಷವೇ ಆಗಲಿ, ತನಗೆ ಮತ ಹಾಕದವರ ಸಂಖ್ಯೆಯೇ ಹೆಚ್ಚೆಂಬುದನ್ನು ಮರೆಯುವಂತಿಲ್ಲ. ಸಂವಿಧಾನದ ಮೂರನೇ ಅನುಸೂಚಿಯಲ್ಲಿರುವ ಸಚಿವರ ಪ್ರಮಾಣವಚನದಲ್ಲಿ ಪಕ್ಷದ ಪ್ರಸ್ತಾಪವೇ ಇಲ್ಲ. ಭಯ, ಪಕ್ಷಪಾತ, ಮಮತೆ, ದ್ವೇಷ ಯಾವುದಕ್ಕೂ ಎಡೆಗೊಡದೆ ಎಲ್ಲ ಜನರಿಗೂ ನ್ಯಾಯ ಒದಗಿಸುವುದಾಗಿ ಸಚಿವರು ಮಾತು ಕೊಡುತ್ತಾರೆ. ಶಾಸಕರೂ ಅಷ್ಟೇ, ಗೆದ್ದ ಕ್ಷಣದಿಂದ ಅವರು ಇಡೀ ಕ್ಷೇತ್ರದ ಪ್ರತಿನಿಧಿ.

ಜನಾದೇಶವನ್ನು ಕಾನೂನಿನ ಅಕ್ಷರಕ್ಕಿಂತ ಹಿರಿದಾಗಿ ಕಂಡ ನಿದರ್ಶನವೊಂದು ಕರ್ನಾಟಕದಲ್ಲೇ ಇದೆ. 1984ರ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ವಿಧಾನಸಭೆಯಲ್ಲಿ ಸರ್ಕಾರ ಬಿದ್ದಿರಲಿಲ್ಲ. ಆದರೂ ಜನರ ವಿಶ್ವಾಸ ಕಳೆದುಕೊಂಡಂತಾಯಿತೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಮತ್ತೆ ಜನರ ಮುಂದೆ ಹೋಗಲು ನಿರ್ಧರಿಸಿದರು. 1985ರ ಮಾರ್ಚ್‌ನಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜನತಾ ಪಕ್ಷ 139 ಸ್ಥಾನಗಳೊಂದಿಗೆ ಮರಳಿತು.

ಒಪ್ಪುವುದು ಮತ್ತು ಪ್ರಶ್ನಿಸುವುದು

ಸೋಲನ್ನು ಒಪ್ಪಿಕೊಳ್ಳುವುದು ಪ್ರಜಾತಂತ್ರದ ಮೊದಲ ಶಿಸ್ತು. 1977ರ ಮಾರ್ಚ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ತಾವೇ ಸೋತರು, ಅವರ ಪಕ್ಷವೂ ಅಧಿಕಾರ ಕಳೆದುಕೊಂಡಿತು. 21 ತಿಂಗಳ ತುರ್ತುಪರಿಸ್ಥಿತಿಯ ಬೆನ್ನಲ್ಲೇ ನಡೆದ ಚುನಾವಣೆಯಾದರೂ ಅಧಿಕಾರದ ಹಸ್ತಾಂತರ ಶಾಂತಿಯಿಂದ ನಡೆಯಿತು. ಮೊರಾರ್ಜಿ ದೇಸಾಯಿ ಮಾರ್ಚ್ 24ರಂದು ಪ್ರಮಾಣವಚನ ಸ್ವೀಕರಿಸಿದರು. 1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ 269–270ರಿಂದ, ಅಂದರೆ ಕೇವಲ ಒಂದು ಮತದಿಂದ, ವಿಶ್ವಾಸಮತ ಕಳೆದುಕೊಂಡಿತು. ಪ್ರಧಾನಿ ಅದೇ ದಿನ ರಾಜೀನಾಮೆ ಸಲ್ಲಿಸಿದರು.

ಒಪ್ಪಿಕೊಳ್ಳುವುದೆಂದರೆ ಅನುಮಾನವಿದ್ದರೂ ಬಾಯಿ ಮುಚ್ಚಿ ಕೂರುವುದೆಂದು ಅರ್ಥವಲ್ಲ. ಅಕ್ರಮ ನಡೆದಿದೆಯೆಂದು ನಂಬುವವರಿಗೆ ಕಾನೂನಿನ ದಾರಿ ತೆರೆದಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಲೋಕಸಭೆ ಅಥವಾ ವಿಧಾನಸಭೆಯ ಆಯ್ಕೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ಸೋತ ಅಭ್ಯರ್ಥಿಗಷ್ಟೇ ಈ ಹಕ್ಕು ಮೀಸಲಲ್ಲ. ಆ ಕ್ಷೇತ್ರದ ಯಾವ ಮತದಾರನೂ ಅರ್ಜಿ ಹಾಕಬಹುದು. ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಮೇಲ್ಮನವಿಗೂ ಅವಕಾಶವಿದೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅಧಿಕಾರದಲ್ಲಿದ್ದ ಪ್ರಧಾನಿಯ ಆಯ್ಕೆಯನ್ನೇ ಅಸಿಂಧುಗೊಳಿಸಿದ್ದು ಇಂಥದೊಂದು ಅರ್ಜಿಯ ಮೇಲೆಯೇ. ಅರ್ಜಿದಾರರು 1971ರ ಚುನಾವಣೆಯಲ್ಲಿ ಸೋತಿದ್ದ ರಾಜನಾರಾಯಣ್.

ಮತಯಂತ್ರಗಳ ಬಗೆಗಿನ ಸಂಶಯಕ್ಕೂ ಈಗ ಪರಿಶೀಲನೆಯ ಕ್ರಮವಿದೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡುವಂತೆ ಆದೇಶಿಸಿತು. ಎರಡನೇ ಅಥವಾ ಮೂರನೇ ಸ್ಥಾನ ಪಡೆದ ಅಭ್ಯರ್ಥಿ ಫಲಿತಾಂಶದ ಏಳು ದಿನಗಳೊಳಗೆ ಲಿಖಿತವಾಗಿ ಕೋರಿದರೆ ಶೇ 5ರಷ್ಟು ಮತಯಂತ್ರಗಳನ್ನು ತಯಾರಕ ಸಂಸ್ಥೆಯ ಎಂಜಿನಿಯರುಗಳಿಂದ ಪರಿಶೀಲಿಸಲು ಅವಕಾಶ ನೀಡಬೇಕೆಂದು 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಹೇಳಿತು. ಗೆದ್ದವರೂ ಸೋತವರೂ ಫಲಿತಾಂಶದ 30 ದಿನಗಳೊಳಗೆ ಚುನಾವಣಾ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಸಕಾರಣವಿಲ್ಲದೆ ತಪ್ಪಿದವರನ್ನು ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಚುನಾವಣಾ ಆಯೋಗಕ್ಕಿದೆ. ನಿಗದಿತ ಶುಲ್ಕ ತೆತ್ತು ಸಾರ್ವಜನಿಕರು ಈ ಲೆಕ್ಕಪತ್ರಗಳನ್ನು ನೋಡಬಹುದು. ಬೀದಿಯಲ್ಲಿ ಹಬ್ಬುವ ವದಂತಿಗಿಂತ ಈ ದಾರಿಗಳು ನಿಧಾನ, ಆದರೆ ಉತ್ತರ ಸಿಗುವುದು ಇವುಗಳಿಂದಲೇ.

ವಿರೋಧ ಪಕ್ಷಕ್ಕೂ ಒಂದು ಸ್ಥಾನ

ಸೋತ ಪಕ್ಷಕ್ಕೆ ಸಂಸದೀಯ ವ್ಯವಸ್ಥೆಯಲ್ಲಿ ಗೌರವದ ಸ್ಥಾನವಿದೆ. ಕಾಂಗ್ರೆಸ್ ಇಬ್ಭಾಗವಾದ 1969ರಲ್ಲಿ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಅಧಿಕೃತ ಮಾನ್ಯತೆ ಪಡೆದ ಮೊದಲ ವಿರೋಧ ಪಕ್ಷದ ನಾಯಕರಾದರು. 1977ರಲ್ಲಿ ಸಂಸತ್ತು ಈ ಹುದ್ದೆಗೆ ಕಾಯ್ದೆಯ ಬಲ ನೀಡಿತು. ಸದನದ ಒಟ್ಟು ಬಲದ ಹತ್ತನೇ ಒಂದರಷ್ಟು ಸದಸ್ಯರಿರಬೇಕೆಂಬ ರೂಢಿಯಿಂದಾಗಿ 2014 ಮತ್ತು 2019ರ ಲೋಕಸಭೆಗಳಲ್ಲಿ ಈ ಹುದ್ದೆಗೆ ಯಾರೂ ಬರಲಿಲ್ಲ. 2024ರ ಜೂನ್‌ನಲ್ಲಿ ರಾಹುಲ್ ಗಾಂಧಿ ಅವರಿಗೆ ಮಾನ್ಯತೆ ದೊರೆಯುವುದರೊಂದಿಗೆ ಹತ್ತು ವರ್ಷಗಳ ತೆರವು ಕೊನೆಗೊಂಡಿತು. ಲೋಕಪಾಲ, ಕೇಂದ್ರ ಜಾಗೃತ ಆಯುಕ್ತ, ಮುಖ್ಯ ಮಾಹಿತಿ ಆಯುಕ್ತರಂಥ ಹುದ್ದೆಗಳ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿಗೂ ಸ್ಥಾನವಿರುವುದರಿಂದ ಈ ಹುದ್ದೆ ಕೇವಲ ಅಲಂಕಾರದ್ದಲ್ಲ.

ಕರ್ನಾಟಕದಲ್ಲೂ ಇಂಥ ತೆರವಿನ ಅನುಭವವಾಗಿದೆ. 2023ರ ಮೇ 13ರಂದು ಫಲಿತಾಂಶ ಬಂದರೂ ವಿಧಾನಸಭೆಯ ವಿರೋಧ ಪಕ್ಷದ ನಾಯಕನನ್ನು ಬಿಜೆಪಿ ಆರಿಸಿದ್ದು ನವೆಂಬರ್‌ನಲ್ಲಿ. ಜುಲೈನ ಬಜೆಟ್ ಅಧಿವೇಶನ ಆ ಸ್ಥಾನ ಖಾಲಿಯಿದ್ದಾಗಲೇ ನಡೆದುಹೋಯಿತು. ವಿರೋಧ ಪಕ್ಷಕ್ಕೆ ಸ್ಥಾನ ಕೊಡುವ ಹೊಣೆ ಆಡಳಿತ ಪಕ್ಷದ್ದಾದರೆ, ಆ ಸ್ಥಾನವನ್ನು ತುಂಬುವ ಹೊಣೆ ವಿರೋಧ ಪಕ್ಷದ್ದು.

ಸರ್ಕಾರದ ಖರ್ಚನ್ನು ತಪಾಸಣೆ ಮಾಡುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು 1967ರಿಂದ ವಿರೋಧ ಪಕ್ಷದ ಸದಸ್ಯರಿಗೆ ಕೊಡುವ ಸಂಪ್ರದಾಯ ಬೆಳೆದುಬಂದಿದೆ. ಸ್ವತಂತ್ರ ಪಕ್ಷದ ಮಿನೂ ಮಸಾನಿ ಈ ಸಾಲಿನಲ್ಲಿ ಮೊದಲಿಗರು. ಲೋಕಸಭೆಯ ಉಪಸಭಾಧ್ಯಕ್ಷ ಸ್ಥಾನವನ್ನೂ ಆಡಳಿತ ಪಕ್ಷದಿಂದ ಹೊರಗಿನವರಿಗೆ ಬಿಟ್ಟುಕೊಟ್ಟ ನಿದರ್ಶನಗಳು ಹಲವು. ಪಿ.ವಿ. ನರಸಿಂಹ ರಾವ್ ಪ್ರಧಾನಿಯಾಗಿದ್ದ 1991ರಿಂದ 1996ರ ಅವಧಿಯಲ್ಲಿ ಆ ಪೀಠದಲ್ಲಿದ್ದವರು ತುಮಕೂರಿನ ಬಿಜೆಪಿ ಸಂಸದ ಎಸ್. ಮಲ್ಲಿಕಾರ್ಜುನಯ್ಯ. ವಾಜಪೇಯಿ ಕಾಲದಲ್ಲಿ ಕಾಂಗ್ರೆಸ್ಸಿನ ಪಿ.ಎಂ. ಸಯೀದ್, ಮನಮೋಹನ್ ಸಿಂಗ್ ಅವರ ಎರಡನೇ ಅವಧಿಯಲ್ಲಿ ಬಿಜೆಪಿಯ ಕರಿಯಾ ಮುಂಡಾ ಅದೇ ಹುದ್ದೆಯಲ್ಲಿದ್ದರು. ಇದು ಲಿಖಿತ ನಿಯಮವಲ್ಲದ ಕಾರಣ ಮುರಿಯುವುದೂ ಸುಲಭ. 2019ರಿಂದ 2024ರವರೆಗಿನ 17ನೇ ಲೋಕಸಭೆಯ ಇಡೀ ಅವಧಿಯಲ್ಲಿ ಉಪಸಭಾಧ್ಯಕ್ಷ ಸ್ಥಾನ ಖಾಲಿಯೇ ಉಳಿಯಿತು.

ಪಕ್ಷದ ಗೆರೆ ದಾಟಿದ ಕೆಲಸಗಳು

ಪಕ್ಷಭೇದ ಬದಿಗಿಟ್ಟು ನಡೆದ ಕೆಲಸಗಳ ಪಟ್ಟಿ ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಉದ್ದವಾಗಿದೆ. 1994ರ ಫೆಬ್ರುವರಿ–ಮಾರ್ಚ್‌ನಲ್ಲಿ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕುಗಳ ಆಯೋಗದಲ್ಲಿ ಕಾಶ್ಮೀರ ಕುರಿತು ಭಾರತದ ವಿರುದ್ಧ ಪಾಕಿಸ್ತಾನ ನಿರ್ಣಯ ಮಂಡಿಸಿತ್ತು. ಭಾರತದ ನಿಯೋಗದ ನೇತೃತ್ವಕ್ಕೆ ಪ್ರಧಾನಿ ನರಸಿಂಹ ರಾವ್ ಆರಿಸಿದ್ದು ಲೋಕಸಭೆಯ ವಿರೋಧ ಪಕ್ಷದ ನಾಯಕ ವಾಜಪೇಯಿ ಅವರನ್ನು. ಕಾಂಗ್ರೆಸ್ಸಿನ ಸಲ್ಮಾನ್ ಖುರ್ಷಿದ್, ನ್ಯಾಷನಲ್ ಕಾನ್ಫರೆನ್ಸ್‌ನ ಫಾರೂಕ್ ಅಬ್ದುಲ್ಲಾ ಅದೇ ನಿಯೋಗದಲ್ಲಿದ್ದರು. ಕೊನೆಗೆ ಪಾಕಿಸ್ತಾನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು.

ಪಂಚಾಯತ್ ರಾಜ್ ಮತ್ತು ನಗರಾಡಳಿತಕ್ಕೆ ಸಾಂವಿಧಾನಿಕ ಸ್ಥಾನ ನೀಡಿದ 73 ಮತ್ತು 74ನೇ ತಿದ್ದುಪಡಿಗಳಿಗೆ ಲೋಕಸಭೆಯ ಒಪ್ಪಿಗೆ ದೊರೆತದ್ದು 1992ರ ಡಿಸೆಂಬರ್ 22ರಂದು. ಅಯೋಧ್ಯೆಯ ಘಟನೆ ನಡೆದು ಆಗ ಮೂರು ವಾರವೂ ಕಳೆದಿರಲಿಲ್ಲ. ದೇಶ ಹೊತ್ತಿ ಉರಿಯುತ್ತಿತ್ತು, ಪಕ್ಷಗಳ ನಡುವಿನ ಕಹಿ ಪರಾಕಾಷ್ಠೆ ಮುಟ್ಟಿತ್ತು. ಅಧಿಕಾರದಲ್ಲಿದ್ದ ಪಕ್ಷಕ್ಕೆ ಸ್ವಂತ ಬಲದ ಬಹುಮತವಿರಲಿಲ್ಲ. ಮತ ಹಾಕುವ ಹಾಜರಿ ಸದಸ್ಯರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕಾದ ತಿದ್ದುಪಡಿಗಳು ಅಂಥ ಹೊತ್ತಿನಲ್ಲೂ ಅಂಗೀಕಾರವಾದವು ಎಂಬುದು ಉಲ್ಲೇಖಾರ್ಹ. ಈಚಿನ ಉದಾಹರಣೆಗಳೆಂದರೆ, ಸರಕು ಮತ್ತು ಸೇವಾ ತೆರಿಗೆಯ ಸಂವಿಧಾನ ತಿದ್ದುಪಡಿಗೆ 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತಗಳು ಪರವಾಗಿ, ಎರಡು ವಿರುದ್ಧವಾಗಿ ಬಿದ್ದವು.

ಕರ್ನಾಟಕದ ಮಟ್ಟಿಗೆ 371(ಜೆ) ವಿಧಿ ಉತ್ತಮ ನಿದರ್ಶನ. ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಬೇಕೆಂಬ ಬೇಡಿಕೆ ದಶಕಗಳದ್ದು. ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದ 2010ರ ಮಾರ್ಚ್‌ನಲ್ಲಿ ವಿಧಾನಮಂಡಲದ ಎರಡೂ ಸದನಗಳು ಇದಕ್ಕಾಗಿ ನಿರ್ಣಯ ಅಂಗೀಕರಿಸಿದವು. ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರವಿದ್ದ 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯುವಜನರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆತದ್ದು ಇದರ ಫಲ. ಎರಡು ಕಡೆ ಎರಡು ಪಕ್ಷಗಳಿದ್ದರೂ ಒಂದೇ ಕೆಲಸ ಸಾಗಿತು.

ಸೋತವರ ವಿಚಾರವನ್ನು ಗೆದ್ದವರು ಕೈಗೆತ್ತಿಕೊಂಡ ಪ್ರಸಂಗಗಳೂ ಇವೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹಕ್ಕೆ ಸಮಾಜವಾದಿಗಳು ಬೆನ್ನೆಲುಬಾಗಿ ನಿಂತರು. ಅವರಲ್ಲಿ ಪ್ರಮುಖರಾದ ಶಾಂತವೇರಿ ಗೋಪಾಲಗೌಡರು ಮುಂದೆ ಶಾಸನಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತೇ ಗೇಣಿದಾರರ ಪರವಾಗಿ ದನಿಯೆತ್ತಿದರು. ಅವರು 1972ರಲ್ಲಿ ನಿಧನರಾದರು. ಗೇಣಿ ಪದ್ಧತಿಯನ್ನು ರದ್ದುಪಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಕಾಂಗ್ರೆಸ್ಸಿನ ಡಿ. ದೇವರಾಜ ಅರಸರ ಸರ್ಕಾರದಿಂದ. ಸದನದಲ್ಲಿ ಸಂಖ್ಯಾಬಲವಿಲ್ಲದವರ ವಾದ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ರಾಜ್ಯದ ಇತಿಹಾಸದಲ್ಲಿ ವಿರಳ.

ಹಿಂದಿನ ಸರ್ಕಾರದ ಒಳ್ಳೆಯ ಯೋಜನೆಯನ್ನು ಉಳಿಸಿಕೊಳ್ಳುವುದೂ ಪಕ್ಷಾತೀತ ನಡೆಯೇ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ 'ಅಕ್ಷರ ದಾಸೋಹ' ನಂತರ ಬಂದ ಎಲ್ಲ ಪಕ್ಷಗಳ ಆಡಳಿತದಲ್ಲೂ ಮುಂದುವರಿದು ರಾಜ್ಯವ್ಯಾಪಿಯಾಯಿತು. ಜೆಡಿಎಸ್–ಬಿಜೆಪಿ ಮೈತ್ರಿ ಸರ್ಕಾರ 2006–07ರಲ್ಲಿ ಆರಂಭಿಸಿದ ಎಂಟನೇ ತರಗತಿ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆಯನ್ನು ಕಾಂಗ್ರೆಸ್ ಸರ್ಕಾರವೂ ಮುಂದುವರಿಸಿತ್ತು.

ಸರಿಯುವ ಬೇಲಿಗಳು

ಪಕ್ಷಗಳ ನಡುವಿನ ಬೇಲಿ ಕಾರ್ಯಕರ್ತರು ನಂಬಿಕೊಂಡಷ್ಟು ಗಟ್ಟಿಯಲ್ಲ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ದೇಶದ ಗಮನ ಸೆಳೆದಿತ್ತು. ಇಂದಿರಾ ಗಾಂಧಿ ವಿರುದ್ಧ ಜನತಾ ಪಕ್ಷದ ವೀರೇಂದ್ರ ಪಾಟೀಲರು ಸ್ಪರ್ಧಿಸಿ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅದೇ ವೀರೇಂದ್ರ ಪಾಟೀಲರು ನಂತರ ಕಾಂಗ್ರೆಸ್ ಸೇರಿ, 1989ರಲ್ಲಿ ಆ ಪಕ್ಷದ ಮುಖ್ಯಮಂತ್ರಿಯಾದರು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟವರ ಸಾಲಿನಲ್ಲಿ ಬಿಜೆಪಿಯೂ ಇತ್ತು, ಎಡಪಕ್ಷಗಳೂ ಇದ್ದವು. ಜೆಡಿಎಸ್ 2004ರಲ್ಲಿ ಕಾಂಗ್ರೆಸ್ ಜೊತೆ, 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಮತ್ತೆ ಕಾಂಗ್ರೆಸ್ ಜೊತೆ ಸರ್ಕಾರ ರಚಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು.

ಮೈತ್ರಿಯ ಸರಿತಪ್ಪುಗಳ ವಿಮರ್ಶೆ ಬೇರೆ ಮಾತು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಮೇಲಿನವರು ಕೈ ಕುಲುಕಿದ ಮೇಲೂ ಕೆಳಗಿನವರ ನಡುವೆ ಹಗೆ ಉಳಿಯುತ್ತದೆ. ನಾಯಕರು ಒಂದೇ ವೇದಿಕೆಯಲ್ಲಿ ಹಾರ ಬದಲಿಸಿಕೊಳ್ಳುವ ಹೊತ್ತಿಗೆ, ಅವರಿಗಾಗಿ ಹೊಡೆದಾಡಿಕೊಂಡ ಯುವಕರು ಪೊಲೀಸ್ ಠಾಣೆ, ಕೋರ್ಟು ಅಲೆಯುತ್ತಿರುತ್ತಾರೆ. ಮೊಕದ್ದಮೆಯ ಖರ್ಚು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇರುವುದಿಲ್ಲ.

ಮತಗಟ್ಟೆಯ ಲೆಕ್ಕ ಮತ್ತು ಸೇಡು

ಮತದಾನ ಗುಪ್ತವಾದರೂ ಮತಗಟ್ಟೆವಾರು ಲೆಕ್ಕ ಬಹಿರಂಗ. ಯಾವ ಬೀದಿ ಯಾರ ಕಡೆ ಒಲಿಯಿತೆಂದು ಊಹಿಸಲು ಇದರಿಂದ ಕಷ್ಟವಾಗುವುದಿಲ್ಲ. ಮತಪತ್ರಗಳ ಕಾಲದಲ್ಲಿ ಬೆದರಿಕೆಯ ಭೀತಿಯಿದ್ದೆಡೆ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಗಳಲ್ಲಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಆ ರಕ್ಷಣೆ ಇಲ್ಲವಾಯಿತು. ಒಮ್ಮೆಗೆ 14 ಮತಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಸಾಧನವನ್ನು ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು. ಕಾನೂನು ಆಯೋಗವೂ 2015ರ ಮಾರ್ಚ್‌ನಲ್ಲಿ ಸಲ್ಲಿಸಿದ ತನ್ನ 255ನೇ ವರದಿಯಲ್ಲಿ ಇದನ್ನು ಶಿಫಾರಸು ಮಾಡಿತು. ಮತದಾನದ ನಂತರ ಮತದಾರರಿಗೆ ಕಿರುಕುಳವಾಗದಂತೆ ತಡೆಯುವುದೇ ಇದರ ಉದ್ದೇಶ. ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯದೆ ಪ್ರಸ್ತಾಪ ಅಲ್ಲೇ ನಿಂತಿತು. ಮತಗಟ್ಟೆವಾರು ಲೆಕ್ಕ ತಿಳಿದರೆ ಪಕ್ಷಗಳಿಗೆ ತಾವು ಹಿಂದುಳಿದ ಕಡೆ ಕೆಲಸ ಮಾಡಲು ಅನುಕೂಲವೆಂಬ ವಾದವೂ ಇದೆ. ಅದೇ ಲೆಕ್ಕದಿಂದ ಅನುದಾನ ತಡೆಯಲೂ ಅನುಕೂಲವಾಗುತ್ತದೆ ಎಂಬುದು ಇನ್ನೊಂದು ಬದಿ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ನೂರು ಮತಗಳೂ ಭವಿಷ್ಯ ನಿರ್ಧರಿಸಬಲ್ಲವು. ಪಕ್ಷರಾಜಕೀಯ ಹಳ್ಳಿಯನ್ನು ಒಡೆಯದಿರಲೆಂದೇ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಪಕ್ಷದ ಚಿಹ್ನೆಯಿಲ್ಲದೆ ನಡೆಸಲಾಗುತ್ತದೆ. ಚಿಹ್ನೆ ಇಲ್ಲದಿದ್ದರೂ ಬೆಂಬಲಿಗರ ಬಣಗಳು ಇದ್ದೇ ಇರುತ್ತವೆ. ಒಗ್ಗಟ್ಟಿನ ಹೆಸರಿನಲ್ಲಿ ಅಡ್ಡದಾರಿ ಹಿಡಿದದ್ದೂ ಉಂಟು. 2020ರ ಡಿಸೆಂಬರ್‌ನ ಚುನಾವಣೆ ಸಂದರ್ಭದಲ್ಲಿ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿ 'ಅವಿರೋಧ ಆಯ್ಕೆ' ಮಾಡಲು ಹೊರಟದ್ದು ವರದಿಯಾಯಿತು. ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ನೀಡಬೇಕಾಯಿತು.

ಸೌಹಾರ್ದಕ್ಕೂ ಮಿತಿಯಿದೆ

ಪಕ್ಷಗಳು ಒಂದಾದುದೆಲ್ಲ ಒಳಿತಲ್ಲ, ಜಗಳವಾಡಿದ್ದೆಲ್ಲ ಕೆಡುಕಲ್ಲ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಗದ್ದಲದ ನಡುವೆ ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತುಗೊಳಿಸಲಾಯಿತು. ಮೇ ತಿಂಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. ಅದೇ ದಿನ ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ವೇತನವನ್ನು ಗಣನೀಯವಾಗಿ ಹೆಚ್ಚಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಜನರ ತೆರಿಗೆ ಹಣದ ಪ್ರಶ್ನೆಯಲ್ಲಿ ಯಾರೂ ಆಕ್ಷೇಪವೆತ್ತದ ಒಮ್ಮತಕ್ಕಿಂತ ಖಾರವಾದ ಭಿನ್ನಮತವೇ ಮೇಲು.

ಅಧಿಕಾರಕ್ಕಾಗಿ ಪಕ್ಷ ಬದಲಿಸುವುದನ್ನೂ ಸೌಹಾರ್ದವೆನ್ನಲಾಗದು. ಪಕ್ಷಾಂತರ ತಡೆಗೆಂದು 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. 2003ರ 91ನೇ ತಿದ್ದುಪಡಿ ಸಚಿವ ಸಂಪುಟದ ಗಾತ್ರವನ್ನು ಸದನದ ಬಲದ ಶೇ 15ಕ್ಕೆ ಸೀಮಿತಗೊಳಿಸಿತು. ತನ್ನ ನಿಲುವನ್ನು ಬಿಡದೆ, ಎದುರಾಳಿಯ ಅಸ್ತಿತ್ವವನ್ನು ಅಲ್ಲಗಳೆಯದೆ ನಿರ್ದಿಷ್ಟ ಕೆಲಸಕ್ಕಾಗಿ ಜೊತೆಗೂಡುವುದೇ ಪಕ್ಷಾತೀತ ಸಹಕಾರ. ಜಿನೀವಾಕ್ಕೆ ಹೋಗಿಬಂದ ವಾಜಪೇಯಿ ಸದನದಲ್ಲಿ ರಾವ್ ಸರ್ಕಾರದ ಟೀಕೆಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ಯಾರೂ ಕೇಳಲೂ ಇಲ್ಲ.

ನಾಗರಿಕರ ಕೈಯಲ್ಲೇನಿದೆ?

ಸಂವಿಧಾನದ 51(ಎ) ವಿಧಿಯ ಮೂಲಭೂತ ಕರ್ತವ್ಯಗಳು 1976ರ 42ನೇ ತಿದ್ದುಪಡಿಯಿಂದ ಸೇರಿದವು. ಆಗ ಹತ್ತಿದ್ದ ಅವು 2002ರ 86ನೇ ತಿದ್ದುಪಡಿಯ ನಂತರ ಹನ್ನೊಂದಾದವು. ಧರ್ಮ, ಭಾಷೆ, ಪ್ರದೇಶ, ಪಂಗಡಗಳ ಭೇದ ಮೀರಿ ಸೌಹಾರ್ದ ಬೆಳೆಸುವುದು, ಸಾರ್ವಜನಿಕ ಆಸ್ತಿ ಕಾಪಾಡಿ ಹಿಂಸೆಯನ್ನು ತೊರೆಯುವುದು ಅವುಗಳಲ್ಲಿ ಸೇರಿವೆ. ಇವನ್ನು ಪಾಲಿಸದವರಿಗೆ ನೇರವಾಗಿ ಶಿಕ್ಷೆ ವಿಧಿಸಲಾಗದಿದ್ದರೂ ವಿಜಯೋತ್ಸವದ ದಿನ ಬಸ್ಸಿಗೆ ಕಲ್ಲೆಸೆಯುವುದು, ಸೋತವರ ಮನೆಮುಂದೆ ಪಟಾಕಿ ಹಚ್ಚಿ ಕೆಣಕುವುದು ಸಾಮಾನ್ಯ ಕಾನೂನಿನ ಕೈಗೂ ಸಿಗಬಹುದಾದ ಕೃತ್ಯಗಳು.

ಮತ ಹಾಕಿದ ನಂತರದ ಪೌರಕಾರ್ಯಕ್ಕೆ ಪಕ್ಷದ ಗುರುತು ಬೇಕಾಗಿಲ್ಲ. ಹಳ್ಳಿಗಳಲ್ಲಿ ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಮನೆ, ಶೌಚಾಲಯ, ಪಿಂಚಣಿ ಫಲಾನುಭವಿಗಳ ಪಟ್ಟಿ ಅಲ್ಲಿ ಓದಿ ಹೇಳಬೇಕಾದ್ದು. ಎರಡೂ ಬಣದವರು ಸಭೆಯಲ್ಲಿ ಹಾಜರಿದ್ದರೆ ಪಟ್ಟಿಯಿಂದ ಅರ್ಹರ ಹೆಸರು ಕದ್ದುಮುಚ್ಚಿ ತೆಗೆಯುವುದು ಕಷ್ಟ. ನಗರಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯಿರುವಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243(ಎಸ್) ವಿಧಿ ಹೇಳುತ್ತದೆ. ಬೆಂಗಳೂರಿನಲ್ಲಿ ಬಿಬಿಎಂಪಿ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಚುನಾಯಿತ ಸದಸ್ಯರಿಲ್ಲದ ಅಂಥ ಕಾಲದಲ್ಲಿ ಕಸ, ನೀರು, ಬೀದಿದೀಪಗಳ ದೂರು ಹೊತ್ತು ಅಧಿಕಾರಿಗಳ ಬಳಿ ಹೋದ ನಿವಾಸಿಗಳ ಸಂಘಗಳಲ್ಲಿ ಎಲ್ಲ ಪಕ್ಷಗಳ ಮತದಾರರೂ ಇದ್ದರು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. ಯಾವ ಬಡಾವಣೆಗೆ ಎಷ್ಟು ಅನುದಾನ, ಯಾವ ಕಾಮಗಾರಿ ಏಕೆ ನಿಂತಿದೆ ಎಂಬುದನ್ನು ಇದರಿಂದ ಕೇಳಿ ಪಡೆಯಬಹುದು. ಸಂಸದರಿಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 5 ಕೋಟಿ ರೂಪಾಯಿ ನಿಗದಿಯಾಗಿದ್ದು, ಅದರ ಹಂಚಿಕೆಯೂ ಈ ಪ್ರಶ್ನೆಯ ವ್ಯಾಪ್ತಿಗೆ ಬರುತ್ತದೆ. 2012ರಿಂದ ಜಾರಿಯಲ್ಲಿರುವ 'ಸಕಾಲ' ಕಾಯ್ದೆಯಡಿ ಜಾತಿ–ಆದಾಯ ಪ್ರಮಾಣಪತ್ರದಂಥ ಸೇವೆಗಳನ್ನು ನಿಗದಿತ ದಿನಗಳೊಳಗೆ ಪಡೆಯುವುದು ಹಕ್ಕು. ಅದಕ್ಕೆ ಯಾವ ಮುಖಂಡನ ಶಿಫಾರಸೂ ಬೇಕಿಲ್ಲ. ಸಾರ್ವಜನಿಕ ಮಹತ್ವದ ವಿಷಯಗಳಲ್ಲಿ ವಿಧಾನಮಂಡಲದ ಅರ್ಜಿಗಳ ಸಮಿತಿಗೂ ಮನವಿ ಸಲ್ಲಿಸಬಹುದು.

ಗೆದ್ದ ಪಕ್ಷದ ಬೆಂಬಲಿಗರ ಮೇಲೆ ಇನ್ನೊಂದು ವಿಶೇಷ ಹೊಣೆಯಿದೆ. ತಮ್ಮ ಸರ್ಕಾರ ತಪ್ಪಿದಾಗ ಅದನ್ನು ಹೇಳಬಲ್ಲವರು ಅವರೇ, ಅವರ ಮಾತಿಗೆ ಒಳಗಿನವರ ಕಿವಿಯೂ ಇರುತ್ತದೆ. ಸೋತ ಪಕ್ಷದ ಬೆಂಬಲಿಗರು ಸರ್ಕಾರ ಕೆಡಲಿ ಎಂದು ಹಾರೈಸಿದರೆ ಕೆಡುವುದು ತಮ್ಮ ಮಕ್ಕಳು ಓದುವ ಶಾಲೆ, ತಾವು ಹೋಗುವ ಆಸ್ಪತ್ರೆ. ಇಬ್ಬರೂ ಕೂಡಿ ಕೇಳಿದ ಪ್ರಶ್ನೆಯನ್ನು 'ಇದು ವಿರೋಧಿಗಳ ಪಿತೂರಿ' ಎಂದು ತಳ್ಳಿಹಾಕುವುದು ಯಾವ ಶಾಸಕರಿಗೂ ಸುಲಭವಲ್ಲ. ಮುಂದಿನ ಗ್ರಾಮಸಭೆಯ ಅಥವಾ ವಾರ್ಡ್ ಸಭೆಯ ದಿನಾಂಕವನ್ನು ತಿಳಿದುಕೊಂಡು, ಪಕ್ಕದ ಮನೆಯವರಿಗೂ ತಿಳಿಸಿ, ಜೊತೆಯಲ್ಲಿ ಹೋಗುವುದು ಇದಕ್ಕೆ ಮೊದಲ ಹೆಜ್ಜೆ.